ಎರೆಭೂತದ ಮೊಟ್ಟೆಗೆ ಏಳು ಕಲ್ಲು

ಸಿದ್ರಾಮನನ್ನು ಪದ್ಮವ್ವ ಮೊದಲು ಕಂಡ ದಿನ, ಹುಕ್ಕೇರಿ ಬಾಜೂ ಇರುವ ಅವಳ ಹೊಲದ ಬದುವಿನಿಂದ ಅವನು ಕಲ್ಲು ಕೀಳುತ್ತಿದ್ದ. ಗಂಡ ತೀರಿದ ಮೇಲೆ ಬದು ಸರಿಸಲು ಬಂದವರನ್ನು ಆಕೆ ಬೇಕಾದಷ್ಟು ಕಂಡಿದ್ದಳು.

“ಏ ಕುರಿ ಕಾಯಾಂವಾ, ಹಾಡ್ಯಾಹಗಲ ಕದಿಯಾಕ ನಾಚ್ಗಿ ಬರೂದಿಲ್ಲೇನ?”

“ಏಳ ಕಲ್ಲ ಅಷ್ಟರೀ ಯವ್ವಾ. ಮ್ಯಾಲ ಮಡ್ಡಿಯೊಳಗ ಎರೆಭೂತ ಮೊಟ್ಟಿ ಇಟ್ಟೈತಿ.”

ನಂಬದೆ ಹಿಂದೆಯೇ ಹೋದಳು. ಮಡ್ಡಿಯ ಹುಲ್ಲುಗಾವಲಿನಲ್ಲಿ, ಬರಿ ನೆಲದ ಮೇಲೆ ಒಂದೇ ಮೊಟ್ಟೆ. ದೂರದ ಹುಲ್ಲಿನಲ್ಲಿ ಸೊಂಟದೆತ್ತರದ ಎರೆಭೂತ ಹಕ್ಕಿ ಕತ್ತು ನಿಗುರಿಸಿ ನಿಂತಿತ್ತು. ಸಿದ್ರಾಮ ಮೊಳ ದೂರ ಬಿಟ್ಟು ದುಂಡಗೆ ಕಲ್ಲಿಟ್ಟ. ಆ ಗುರುತು ಕಂಡರೆ ಯಾವ ಊರಿನ ಕುರಿಗಾರನೂ ಮಂದೆಯನ್ನು ಬಳಸಿ ಹೊಡೆಯುತ್ತಿದ್ದ. ವರ್ಷವರ್ಷವೂ ಹೊಸ ಮೊಟ್ಟೆಯ ಸುತ್ತ ಸರಿಯುತ್ತ, ಅವೇ ಏಳು ಕಲ್ಲು ಹನ್ನೊಂದು ವರ್ಷ ಮಡ್ಡಿಯಲ್ಲೇ ಉಳಿದವು.

ಆಮೇಲೆ ಮಡ್ಡಿ ಮಿಲಿಟರಿಯವರ ಗುಂಡು ಹೊಡೆಯುವ ಮೈದಾನಕ್ಕೆಂದು ನೋಟೀಸು ಬಂತು. ಅಳಿದು ಹೋಗುತ್ತಿರುವ ಹಕ್ಕಿ ಇಲ್ಲಿ ಮೊಟ್ಟೆ ಇಡುತ್ತದೆಂದು ಗೋಕಾಕದ ವಕೀಲೆ ದೀಪಾ ಹೈಕೋರ್ಟಿಗೆ ಹೋದಳು. ಸಿದ್ರಾಮನೇ ಸಾಕ್ಷಿ.

ಮಡ್ಡಿ ನೋಡಿ ವರದಿ ಕೊಡಲು ಕೋರ್ಟು ಕಳಿಸಿದವರು ನಾಲ್ಕು ಜೀಪಿನಲ್ಲಿ ಬಂದರು. ಸದ್ದಿಗೆ ಹಕ್ಕಿ ಹಾರಿಹೋಯಿತು. ಆ ವರ್ಷದ ಮೊಟ್ಟೆ, ಅದರ ಸುತ್ತ ಏಳು ಕಲ್ಲು ಅಷ್ಟೇ ಉಳಿದವು.

“ಈ ಕಲ್ಲ ಯಾರು ಇಟ್ಟಿದ್ದು?” ಸರ್ಕಾರದ ವಕೀಲ ಕೇಳಿದ.

“ನಾನ್ರಿ!” ಸಿದ್ರಾಮನಿಗೆ ಹೆಮ್ಮೆ.

“ಹಂಗಾರ ಮೊಟ್ಟಿನೂ ನೀನ ತಂದಿಟ್ಟಿ.”

ವಕೀಲ, ಜೀಪು ಕಂಡು ಹೊಲದಿಂದ ಬಂದು ನಿಂತಿದ್ದ ಪದ್ಮವ್ವನತ್ತ ತಿರುಗಿದ. “ಹಕ್ಕಿ ಮೊಟ್ಟಿ ಇಡೂದ ನೋಡೀಯೇನವ್ವಾ?”

“ಹಕ್ಕಿ ನೋಡೇನಿ. ಮೊಟ್ಟಿ ನೋಡೇನಿ. ಇಡೂದ ನೋಡಿಲ್ರಿ.”

ಕಂಡದ್ದಷ್ಟೇ ಹೇಳಿದಳು. ಅವರು ಕೊನೆಯ ಮಾತಷ್ಟೇ ಬರೆದುಕೊಂಡರು. ಆಕೆ ಅಕ್ಷರ ಕೂಡಿಸಿ ಎರಡು ಸಾಲು ಓದುವಷ್ಟರಲ್ಲಿ ಸಹಿ ಹಾಕಿಸಿ ಹಾಳೆ ಎತ್ತಿಕೊಂಡರು.

ಅಳತೆಗೆಂದು ಕಲ್ಲುಗಳನ್ನು ಬದಿಗೆ ಒಗೆದರು. ಸಿದ್ರಾಮ ಬಗ್ಗಿದ.

“ಮತ್ತ ಇಡಬ್ಯಾಡ್ರಿ ಕಾಕಾ, ಕೇಸ್ ಕೆಡತೈತಿ,” ಎಂದಳು ದೀಪಾ.

ಇಡಲಿಲ್ಲ. ಮೂರನೆಯ ದಿನ ಮೂಡಲಗಿ ಕಡೆಯ ಕುರಿಗಳು ಮೊಟ್ಟೆ ತುಳಿದು ಹೋದವು. ಗುರುತೇ ಇಲ್ಲದ ಮೇಲೆ ಆ ಕುರಿಗಾರರದೇನು ತಪ್ಪು?

ಕೇಸೂ ಬಿದ್ದುಹೋಯಿತು. ಚಹಾದಂಗಡಿಯ ಗುರುಪಾದ ಸಿದ್ರಾಮನನ್ನು ಕಂಡಾಗಲೆಲ್ಲ ಕೂಗುತ್ತಿದ್ದ: “ಏನಪಾ ಸಿದ್ರಾಮ, ಈ ವರ್ಷ ಎಷ್ಟ ಮೊಟ್ಟಿ ಇಟ್ಟಿ?” ಕುಂತವರೆಲ್ಲ ನಗುತ್ತಿದ್ದರು.

ಸಿದ್ರಾಮ ಪದ್ಮವ್ವನ ಹೊಲಕ್ಕೆ ಕೊನೆಯ ಸಲ ಬಂದದ್ದು ಮಡ್ಡಿಗೆ ತಂತಿಬೇಲಿ ಹಾಕುವ ಹಿಂದಿನ ದಿನ. ಹೆಗಲ ಕಂಬಳಿಯನ್ನು ಬದುವಿನ ಮೇಲೆ ಬಿಚ್ಚಿದ. ಪದ್ಮವ್ವ ಕಲ್ಲು ಎಣಿಸಿದಳು. ಏಳು.

“ಬರೋಬ್ಬರಿ ಅದಾವಲ್ರಿ ಯವ್ವಾ? ಕಿತ್ತಲ್ಲೇ ಇಡಲೇನ್ರಿ?”