ಗಾಡಿಯ ಹೊಟ್ಟೆಯ ವಾಸನೆ ಬಲ್ಲ ಸಾವಿತ್ರವ್ವ

ಬೆಳಗಿನ ಐದೂವರೆ. ಸಿಂದಗಿಯ ಬಸ್ ನಿಲ್ದಾಣದ ಕಡೆಯಿಂದ ಕಂಡಕ್ಟರನ ಕೂಗು ಆಗಷ್ಟೇ ಕೇಳತೊಡಗಿದೆ. ವಿಜಯಪುರ ರಸ್ತೆಯ ಮಗ್ಗುಲಲ್ಲಿರುವ ನಬಿಸಾಬರ ಗ್ಯಾರೇಜಿನಲ್ಲಿ ಸಾವಿತ್ರವ್ವ ಸೀರೆಯ ಮೇಲೊಂದು ಹಳೆಯ ಖಾಕಿ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಿದ್ದಾರೆ. ಎರಡು ಸಿಮೆಂಟ್ ಕಟ್ಟೆಗಳ ಮೇಲೆ ಹತ್ತಿಸಿ ನಿಲ್ಲಿಸಿದ ಟೆಂಪೊ ಇಂಡಿಯಿಂದ ನಿಂಬೆಹಣ್ಣು ಹೇರಿಕೊಂಡು ಬಂದದ್ದು. ನೀರಿನ ಪೈಪು ಕೈಯಲ್ಲಿದೆ, ನೀರು ಮಾತ್ರ ಇನ್ನೂ ಬಿಟ್ಟಿಲ್ಲ. ಅವರು ಗಾಡಿಯ ಹೊಟ್ಟೆಯ ಕೆಳಗೆ ಬಗ್ಗಿ, ಮುಂದಿನಿಂದ ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಾರೆ. ನಡುವೆ ಎರಡು ಕಡೆ ನಿಂತು ಮೂಗೆಳೆಯುತ್ತಾರೆ. ಒಂದು ಕಡೆ ಬೆರಳು ಒತ್ತಿ, ಉಜ್ಜಿ, ಮೂಗಿನ ಹತ್ತಿರ ಹಿಡಿಯುತ್ತಾರೆ.

“ನೀರು ಬಿಟ್ಟ ಮ್ಯಾಲ ಎಲ್ಲಾ ಗಾಡಿಗೋಳೂ ಒಂದ ವಾಸನಿ ಬರ್ತಾವ್ರಿ. ಗುರುತೂ ತೊಳದು ಹೋಗ್ತೈತಿ. ಅದಕ್ಕ ಮೊದ್ಲ ಮೂಸಿ ನೋಡ್ತೇನಿ,” ಎನ್ನುತ್ತಾರೆ. ಈ ಟೆಂಪೊದಲ್ಲಿ ದೋಷವೇನೂ ಇಲ್ಲ. ಪೈಪಿನ ಬಾಯಿ ತಿರುಗುತ್ತದೆ, ನಿನ್ನೆಯ ಎರೆಮಣ್ಣು ಹೆಪ್ಪು ಹೆಪ್ಪಾಗಿ ಕೆಳಗೆ ಬೀಳುತ್ತದೆ.

ಸಾವಿತ್ರವ್ವನಿಗೆ ಈಗ ಐವತ್ತಮೂರು. ಹದಿನಾಲ್ಕು ವರ್ಷಗಳಿಂದ ಇದೇ ಜಾಗ, ಇದೇ ಕೆಲಸ. ದಿನಕ್ಕೆ ಹತ್ತರಿಂದ ಹದಿನೈದು ಗಾಡಿ. ಕಬ್ಬಿನ ಹಂಗಾಮು ಬಂದರೆ ಟ್ರ್ಯಾಕ್ಟರುಗಳ ಸಾಲು, ಆಗ ಇಪ್ಪತ್ತೂ ದಾಟುವುದುಂಟು. ನೀರಲ್ಲಿ ನೆನೆದು ನೆನೆದು ಪಾದದ ಬೆರಳ ಸಂದುಗಳು ಬಿರಿದಿವೆ. ಬಗ್ಗಿ ಬಗ್ಗಿ ಕುತ್ತಿಗೆ ಒಂದು ಕಡೆಗೆ ವಾಲಿದೆ. ಹೆಸರಿಗೆ ಅವರು ಗಾಡಿ ತೊಳೆಯುವವರು. ಆದರೆ ಎಲ್ಲಿಂದಲೋ ಸೋರುತ್ತಿದೆ, ಏನೋ ನಾರುತ್ತಿದೆ ಎಂದು ಯಾರಾದರೂ ಬಂದರೆ ನಬಿಸಾಬರು ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಳ್ಳುವ ಮೊದಲು ಅವರನ್ನೇ ಕರೆಯುತ್ತಾರೆ.

ಈ ವಿದ್ಯೆ ಅವರಿಗೆ ಸಂತೋಷದಿಂದ ಬಂದದ್ದಲ್ಲ.

ಗಂಡ ರಾವಸಾಬ ಸಿಂದಗಿಯಿಂದ ಸುತ್ತಲಿನ ಹಳ್ಳಿಗಳಿಗೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಮನೆಯ ಮುಂದೆ ದಿನವೂ ಆ ಜೀಪನ್ನು ತೊಳೆಯುತ್ತಿದ್ದವರು ಸಾವಿತ್ರವ್ವ. ಒಂದು ಮುಂಜಾನೆ ಹಿಂದಿನ ಗಾಲಿಗಳ ಕಡೆಯಿಂದ ಕೊಳೆತ ಉಳ್ಳಾಗಡ್ಡಿಯ ವಾಸನೆ ಬಂತು. ಗಂಡನಿಗೆ ಹೇಳಿದರು. ಇಲಿ ಸತ್ತಿರಬೇಕು, ಎರಡು ದಿನಕ್ಕೆ ಹೋಗುತ್ತದೆ ಎಂದು ಅವರು ಗಾಡಿ ಹತ್ತಿದರು. ಮರುದಿನವೂ ವಾಸನೆ ಇತ್ತು. ಸಾವಿತ್ರವ್ವ ಸುಮ್ಮನಾದರು. ನಾಲ್ಕನೆಯ ದಿನ ಓಡುತ್ತಿದ್ದ ಜೀಪಿನ ಹಿಂದಿನ ಗಾಲಿಗಳು ಒಮ್ಮೆಲೇ ಬಿಗಿದು ನಿಂತವು. ಗಾಡಿ ತಿರುಗಿ ರಸ್ತೆಯ ಪಕ್ಕದ ತೊಗರಿ ಹೊಲಕ್ಕೆ ಉರುಳಿತು. ಒಳಗಿದ್ದ ಐದು ಮಂದಿ ಪೆಟ್ಟು ತಿಂದು ಉಳಿದರು. ರಾವಸಾಬ ಅಪಘಾತದ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಜೀಪನ್ನು ಎಳೆದು ತಂದದ್ದು ನಬಿಸಾಬರ ಗ್ಯಾರೇಜಿಗೆ. ಹಿಂದಿನ ಎರಡು ಗಾಲಿಗಳ ನಡುವೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡನ್ನು ಮೆಕ್ಯಾನಿಕರು ಕ್ರೌನ್ ಎನ್ನುತ್ತಾರೆ. ಗಾಲಿ ತಿರುಗಿಸುವ ಹಲ್ಲಿನ ಚಕ್ರಗಳು ಅದರೊಳಗೆ ಗೇರೆಣ್ಣೆಯಲ್ಲಿ ಮುಳುಗಿರಬೇಕು. ನಬಿಸಾಬರು ಅದನ್ನು ಬಿಚ್ಚಿದಾಗ ಒಳಗೆ ಒಂದು ಹನಿ ಎಣ್ಣೆಯಿರಲಿಲ್ಲ, ಚಕ್ರಗಳು ಕಾದು ನೀಲಿಯಾಗಿದ್ದವು. ನೋಡಲು ಸಾವಿತ್ರವ್ವನೂ ಬಂದಿದ್ದರು. ಅದೇ ವಾಸನೆ ಮತ್ತೆ ಮೂಗಿಗೆ ಬಡಿಯಿತು.

“ನಾ ಹೇಳಿದ್ದೆರಿ. ಆದ್ರ ಒಮ್ಮೆ ಹೇಳಿ ಬಿಟ್ಟೆ. ಎರಡನೇ ಸಲ ಹೇಳಲಿಲ್ಲ,” ಎನ್ನುವಾಗ ಅವರ ದನಿ ಏರುವುದೂ ಇಲ್ಲ, ನಡುಗುವುದೂ ಇಲ್ಲ. ಎಷ್ಟೋ ವರ್ಷ ತಮಗೆ ತಾವೇ ಹೇಳಿಕೊಂಡ ಮಾತು ಅದು.

ತಿಂಗಳು ಕಳೆದ ಮೇಲೆ ಅವರು ಗ್ಯಾರೇಜಿಗೆ ಮರಳಿ ಬಂದು ನಬಿಸಾಬರ ಮುಂದೆ ನಿಂತರು. ಮಗಳು ಸಂಘಮಿತ್ರಾ ಆಗ ಆರನೆಯ ಇಯತ್ತೆ. ಕೆಲಸ ಬೇಕಿತ್ತು, ಅದರ ಜೊತೆ ಇನ್ನೊಂದೂ ಬೇಕಿತ್ತು. “ಯಾವ ಎಣ್ಣಿ ಹೆಂಗ ನಾರ್ತೈತಿ, ನಂಗ ಕಲಿಸ್ರಿ ಭಾಯಿ” ಎಂದು ಕೇಳಿದರು. ನಬಿಸಾಬರು ನಗಲಿಲ್ಲ. ಐದಾರು ಡಬ್ಬಿಗಳಲ್ಲಿ ಬೇರೆ ಬೇರೆ ಎಣ್ಣೆ ಸುರಿದು, ಕಣ್ಣು ಮುಚ್ಚಿಸಿ ಮೂಸಲು ಕೊಟ್ಟರು. ಹೊಸದು, ಹಳೆಯದು, ಸುಟ್ಟದ್ದು. ವಾರ ಕಳೆಯುವಷ್ಟರಲ್ಲಿ ಅವರು ಒಂದನ್ನೂ ತಪ್ಪು ಹೇಳದಾದರು.

“ಎಂಜಿನ್ ಎಣ್ಣಿ ಸುಟ್ರ ಕರಕಲು ವಾಸನಿ. ರೇಡಿಯೇಟರ್ ನೀರು ಸೋರಿದ್ರ ಬೆಲ್ಲದ ಪಾಕದಂಗ ಸಿಹಿ. ಬ್ರೇಕಿನ ಎಣ್ಣಿ ಮೂಗಿಗಿಂತ ಬೆರಳಿಗೆ ಲಗೂ ತಿಳಿತೈತಿ. ಗೇರಿನ ಎಣ್ಣಿ ಅಂದ್ರ ಕೊಳೆತ ಉಳ್ಳಾಗಡ್ಡಿ. ಎ.ಸಿ. ನೀರಿಗೆ ವಾಸನಿನ ಇಲ್ಲ, ಅದಕ್ಕ ಹೆದರೂದು ಬ್ಯಾಡ,” ಎಂದು ಈಗ ಅವರು ಪಾಠ ಒಪ್ಪಿಸಿದಂತೆ ಹೇಳುತ್ತಾರೆ.

ಕಳೆದ ವರ್ಷ ಭಾದ್ರಪದದ ಒಂದು ಬೆಳಿಗ್ಗೆ, ಎಂಟರ ಸುಮಾರಿಗೆ, ದೊಡ್ಡ ಬಿಳಿ ಕಾರೊಂದು ಗ್ಯಾರೇಜಿನ ಮುಂದೆ ಬಂದು ನಿಂತಿತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ, ಕೆಸರಿನಲ್ಲೂ ಸಿಕ್ಕಿಕೊಳ್ಳದ ಬಗೆಯದು. ಮನಗೂಳಿ ಕಡೆಯ ದೊಡ್ಡ ಒಕ್ಕಲುತನದ ಮನೆಯ ಚೇತನಕುಮಾರ ತಾಯಿ ಶಂಕ್ರೆವ್ವನನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಶಂಕ್ರೆವ್ವನಿಗೆ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಕೀಮೊ, ಅಂದು ಹನ್ನೊಂದಕ್ಕೆ ಹಾಜರಿರಬೇಕಿತ್ತು.

“ಕೆಳಗ ಏನೋ ಸತ್ತು ಹತ್ತಿಕೊಂಡೈತಿ. ಜೋರ್ ನೀರು ಹೊಡದು ಬಿಡು, ಹತ್ತು ಮಿನಿಟಿನಾಗ ಹೊರಡಬೇಕು,” ಎಂದರು ಚೇತನಕುಮಾರ.

ಹಿಂದಿನ ಸೀಟಿನಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಶಂಕ್ರೆವ್ವ ಸೆರಗಿನಿಂದ ಮೂಗು ಮುಚ್ಚಿ ಕುಳಿತಿದ್ದರು. ದಾರಿಯಲ್ಲಿ ಎರಡು ಸಲ ವಾಂತಿಯಾಗಿತ್ತು. ಹದಿನೈದು ದಿನದಿಂದ ಗಾಡಿ ನಾರುತ್ತಿದೆ ಎಂದು ಅವರು ಹೇಳುತ್ತಲೇ ಇದ್ದರು. ಔಷಧದಿಂದ ಹಾಗನಿಸುತ್ತದೆ ಎಂದು ಮನೆಯವರೆಲ್ಲ ಸಮಾಧಾನ ಹೇಳಿದ್ದರು. ಎರಡು ದಿನದಿಂದಷ್ಟೇ ಮಗನಿಗೂ ಅದು ತಿಳಿಯತೊಡಗಿತ್ತು.

ಸಾವಿತ್ರವ್ವ ಪೈಪು ಕೆಳಗಿಟ್ಟು ಬಾಗಿಲ ಹತ್ತಿರ ಹೋದರು. “ಯವ್ವಾ, ವಾಸನಿ ಯಾವಾಗ ಬರ್ತೈತ್ರಿ? ಗಾಡಿ ಓಡೂಮುಂದೋ, ನಿಂತಾಗೋ?”

ಶಂಕ್ರೆವ್ವ ಮುಖವೆತ್ತಿ ನೋಡಿದರು. ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. “ನಿಂತಾಗ ಭಾಳ, ತಂಗಿ. ಮನಿಂದ ಹೊಂಟಾಗ ಇರೂದಿಲ್ಲ. ಒಂದು ತಾಸು ಓಡಿದ ಮ್ಯಾಲ ಬರ್ತೈತಿ.”

“ಸತ್ತ ಇಲಿ ತಣ್ಣಗಿದ್ದಾಗೂ ನಾರ್ತೈತ್ರಿ. ಇದು ಕಾದ ಮ್ಯಾಲ ನಾರೂದು,” ಎಂದರು ಸಾವಿತ್ರವ್ವ. ಕಾರನ್ನು ಕಟ್ಟೆಗೆ ಹತ್ತಿಸಲು ಚೇತನಕುಮಾರ ಒಪ್ಪಲಿಲ್ಲ. ಹಾಗಾಗಿ ಅವರು ಒಂದು ರಟ್ಟನ್ನು ಹಿಂದಿನ ಗಾಲಿಗಳ ನಡುವೆ ಸರಿಸಿ, ಪಕ್ಕದಲ್ಲೇ ಅಂಗಾತ ಮಲಗಿ ತೂರಿಕೊಂಡರು. ಕ್ರೌನಿನ ಮೂತಿಯಿಂದ ಎಣ್ಣೆ ಜಿನುಗಿತ್ತು. ಅಲ್ಲಿಗೆ ಎಂಜಿನ್ನಿನ ಬಲ ತರುವ ಶಾಫ್ಟು ತಿರುಗುತ್ತ ಅದನ್ನು ಚಿಮ್ಮಿಸಿತ್ತು, ಕಾದ ಸೈಲೆನ್ಸರ್ ಕೊಳವೆಯ ಮೇಲೆ ಅದು ಸುಟ್ಟು ಕರೆಗಟ್ಟಿತ್ತು. ರಟ್ಟಿನ ಮೇಲೆ ಎರಡು ಹನಿ ಬಿತ್ತು. ಬಣ್ಣ ಎಣ್ಣೆಯದಲ್ಲ, ಹಾಲು ಹೆಚ್ಚಾದ ಚಹಾದ್ದು. ಬೆರಳಿಗೆ ಹಚ್ಚಿ ಮೂಸಿದರು. ಉಳ್ಳಾಗಡ್ಡಿ.

“ಸಾವ್ಕಾರ್ರ, ಗಾಡಿ ನೀರಾಗ ಇಳಿದಿತ್ತೇನ್ರಿ?”

ಇಳಿದಿತ್ತು. ಇಪ್ಪತ್ತು ದಿನದ ಹಿಂದೆ ಡೋಣಿ ಹೊಳೆ ತುಂಬಿದಾಗ, ಹೊಲದ ದಾರಿಯಲ್ಲಿ ಅರ್ಧ ಗಾಲಿ ಮುಳುಗುವಷ್ಟು ನೀರಿನಲ್ಲಿ ದಾಟಿಸಿದ್ದರು. ಅದಾದ ಮೇಲೆ ಎಣ್ಣೆ ಸೋರಿತೆಂದು ಒಂದು ಗ್ಯಾರೇಜಿನಲ್ಲಿ ಅದನ್ನು ತಡೆಯುವ ರಬ್ಬರ್ ಸೀಲು ಹೊಸದು ಹಾಕಿಸಿದ್ದೂ ಆಗಿತ್ತು. “ಅದೆಲ್ಲಾ ಆಗೇತಿ. ನೀ ಮೇಸ್ತ್ರಿ ಏನು? ತೊಳದ್ರ ತೊಳಿ, ಇಲ್ಲಾಂದ್ರ ಬಿಡು. ನಾಳಿ ತೋರಸ್ತೇನಿ,” ಎಂದು ಚೇತನಕುಮಾರ ಕಾರು ಚಾಲೂ ಮಾಡಿದರು.

“ಹೋಗಬ್ಯಾಡ್ರಿ,” ಎಂದರು ಸಾವಿತ್ರವ್ವ. ಕಾರು ಮುಂದೆ ಜರುಗಿತು. ಅವರು ಓಡಿ ಬಂದು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತರು. “ಹೋಗಬ್ಯಾಡ್ರಿ ಸಾವ್ಕಾರ್ರ. ಗಾಲಿ ಬಿಗೀತಾವು. ನಾ ಕಂಡೇನಿ.”

ಹಾರ್ನು ಕೂಗಿತು. ನಬಿಸಾಬರು ಒಳಗಿನಿಂದ ಹೊರಬರುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಶಂಕ್ರೆವ್ವ ಬಾಗಿಲು ಹಿಡಿದು ತಾವಾಗಿಯೇ ಕೆಳಗಿಳಿದು ನಿಂತರು. “ಯಪ್ಪಾ, ನಾ ಈ ಗಾಡ್ಯಾಗ ಬರೂದಿಲ್ಲ. ಆಕಿ ಹೇಳೂದು ಕೇಳು,” ಎಂದರು.

ನಬಿಸಾಬರು ಕಾರನ್ನು ಕಟ್ಟೆಗೆ ಹತ್ತಿಸಿ, ಕ್ರೌನಿಗೆ ಎಣ್ಣೆ ಹಾಕುವ ಬಿರಡೆ ಬಿಚ್ಚಿ ಬೆರಳು ತೂರಿಸಿದರು. ಅಂಚಿನವರೆಗೂ ಇರಬೇಕಾದ ಎಣ್ಣೆ ಬೆರಳಿಗೆ ತಾಗಲಿಲ್ಲ. ತಳದಲ್ಲಿ ಉಳಿದಿದ್ದ ಬೂದು ನೀರೆಣ್ಣೆಯನ್ನು ಡಬ್ಬಿಗೆ ಇಳಿಸಿದಾಗ ಅದರಲ್ಲಿ ಲೋಹದ ಪುಡಿ ಬೇಗಡೆಯಂತೆ ಹೊಳೆಯಿತು. ಸೀಲು ಹೊಸದಿದ್ದರೂ ಏಕೆ ಸೋರಿತು ಎಂಬುದನ್ನು ಹುಡುಕಿ ಕೊಟ್ಟದ್ದೂ ಸಾವಿತ್ರವ್ವನೇ. ಕ್ರೌನಿನ ನೆತ್ತಿಯಲ್ಲಿ ಒಳಗಿನ ಬಿಸಿಗಾಳಿ ಹೊರಹೋಗಲೆಂದು ಒಂದು ಸಣ್ಣ ಕೊಳವೆ ಇರುತ್ತದೆ. ಅದರ ಬಾಯಲ್ಲಿ ಡೋಣಿಯ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಉಸಿರಾಡಲು ದಾರಿಯಿಲ್ಲದೆ ಒಳಗಿನ ಒತ್ತಡ ಹೊಸ ಸೀಲನ್ನೂ ದೂಡಿ ಎಣ್ಣೆಯನ್ನು ಹೊರಗೆ ಹಾಕುತ್ತಿತ್ತು.

“ಎಲ್ಲಿ ತನಕ ಹೋಗ್ತಿತ್ತೋ ಅಲ್ಲಾಗೇ ಗೊತ್ತು,” ಎಂದಷ್ಟೇ ಹೇಳಿದರು ನಬಿಸಾಬರು. ಚೇತನಕುಮಾರ ಡಬ್ಬಿಯನ್ನೇ ನೋಡುತ್ತ ನಿಂತಿದ್ದರು. ನಬಿಸಾಬರು ಪರಿಚಯದವರ ಬಾಡಿಗೆ ಕಾರು ತರಿಸಿದರು. ತಾಯಿ ಮಗ ಹನ್ನೊಂದೂಕಾಲಿಗೆ ಆಸ್ಪತ್ರೆ ಮುಟ್ಟಿದರು. ಕೀಮೊ ತಪ್ಪಲಿಲ್ಲ.

ಆದರೆ ಬೇನೆ ಕೇಳಲಿಲ್ಲ. ಪುಷ್ಯ ಮಾಸದಲ್ಲಿ ಶಂಕ್ರೆವ್ವ ತೀರಿಕೊಂಡರು. ತಿಂಗಳ ನಂತರ ಚೇತನಕುಮಾರ ಅದೇ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿ, ಸಾವಿತ್ರವ್ವನ ಕೆಲಸ ಮುಗಿಯುವವರೆಗೆ ಬೆಂಚಿನ ಮೇಲೆ ಕಾದರು. “ಅಕ್ಕಾ, ಅವ್ವ ಕಡೀ ತನಕ ನಿಮ್ಮ ಹೆಸರು ತಗೋತಿದ್ಳು. ‘ಎಲ್ಲಾರೂ ನನ್ನ ಮಾತಿಗೆ ಔಷಧದ ಭ್ರಮಿ ಅಂದ್ರು, ಆಕಿ ಒಬ್ಬಾಕಿ ನಂಬಿದಳು’ ಅಂತಿದ್ಳು,” ಎಂದರು. ಆಮೇಲೆ ರಸ್ತೆಯ ಕಡೆ ಮುಖ ತಿರುಗಿಸಿದರು. ಸಾವಿತ್ರವ್ವ ಅವರಿಗೆ ಚಹಾ ತರಿಸಿದರು. ಅಂದು ಮನೆಗೆ ಹೋಗಿ ತಾವೂ ಅತ್ತರು.

ಮೂಗು ಅವರಿಗೆ ಒಮ್ಮೆ ಕೈಕೊಟ್ಟದ್ದೂ ಇದೆ. ಕೊರೊನಾ ಬಂದು ಹೋದ ಮೇಲೆ ಮೂರು ತಿಂಗಳು ಯಾವ ವಾಸನೆಯೂ ಇರಲಿಲ್ಲ. ಬೆಳಗೆದ್ದು ಸೀಮೆಎಣ್ಣೆಯ ಡಬ್ಬಿಗೆ ಮೂಗು ಹಚ್ಚಿ ಅಳುತ್ತಿದ್ದರಂತೆ. ಗಾಡಿಯವರಿಗೆ ಅದನ್ನು ಮುಚ್ಚಿಡಲಿಲ್ಲ. “ನನ್ನ ಮೂಗು ಸತ್ತೈತ್ರಿ, ನನ್ನ ಮ್ಯಾಲ ನೆಚ್ಚಬ್ಯಾಡ್ರಿ, ಬಿಚ್ಚಿಸಿ ನೋಡ್ರಿ ಅಂತ ಎಲ್ಲಾರಿಗೂ ಹೇಳಿದೆ,” ಎನ್ನುತ್ತಾರೆ. ಮೊದಲು ಮರಳಿ ಬಂದದ್ದು ಗೇರೆಣ್ಣೆಯ ವಾಸನೆ. ಅಂದು ನಬಿಸಾಬರು ಗ್ಯಾರೇಜಿನವರಿಗೆಲ್ಲ ಪೇಡೆ ಹಂಚಿದರು.

ಮಗಳು ಸಂಘಮಿತ್ರಾ ಈಗ ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನರ್ಸ್. ಸಾಕು ಮಾಡವ್ವ, ನನ್ನ ಹತ್ತಿರ ಬಂದಿರು ಎಂದು ಕರೆಯುತ್ತಾಳೆ. ಸಾವಿತ್ರವ್ವ ಹಬ್ಬಕ್ಕೆ ಹೋಗಿ ಎರಡು ದಿನ ಇದ್ದು ಬರುತ್ತಾರೆ. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಇಲ್ಲಿರುತ್ತಾರೆ.

ಬಿಸಿಲೇರಿದೆ. ಕಟ್ಟೆಯ ಮೇಲೆ ಬಸವನಬಾಗೇವಾಡಿಯ ಪಿಕಪ್ಪು ಹತ್ತುತ್ತಿದೆ. ನಿಮಗೇನಾದರೂ ಬೇಕೆನಿಸುವುದಿಲ್ಲವೇ ಎಂದರೆ ಸಾವಿತ್ರವ್ವ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

“ತಲಿಗೆ ಕಟ್ಕೊಳ್ಳೋ ಬ್ಯಾಟ್ರಿ ದೀಪ ಬರ್ತೈತಲ್ರಿ, ಅದೊಂದು ಬೇಕು. ಈಗ ಬ್ಯಾಟ್ರಿ ಬಾಯಾಗ ಕಚ್ಕೊಂಡು ಕೆಳಗ ಹೋಗ್ತೇನಿ,” ಎನ್ನುತ್ತಾರೆ. “ಸೋರೂದು ಕಂಡ ಕೂಡ್ಲೇ ಹೇಳಾಕ ಬಾಯಿ ಖಾಲಿ ಇರಬೇಕ್ರಿ.”