ಹೋಗಿಬರುವವರ ಪಟ್ಟಿ

ಕಳೆದ ವರ್ಷದ ಮಾತು. ಜಯನಗರದಲ್ಲಿ ಕೈತೋಟದ ಸಾಮಾನು ಮಾರುವ ಅಂಗಡಿಯೊಂದಕ್ಕೆ ನಾನು ಮನೆಯಿಂದಲೇ ಬರವಣಿಗೆಯ ಕೆಲಸ ಮಾಡಿಕೊಡುತ್ತಿದ್ದೆ. ಆ ಗುರುವಾರ ಬನಶಂಕರಿಯ ನಮ್ಮ ಬೀದಿಗೆ ನಲ್ಲಿ ನೀರು ಬರುವ ದಿನ. ಸಂಪಿನ ಮುಚ್ಚಳ ಸರಿಸಿ, ನೀರು ಬೀಳುವ ಸದ್ದು ಕೇಳುತ್ತ ನಿಂತಿದ್ದೆ. ನನ್ನ ಯಜಮಾನರು ಡಬ್ಬಿ ಹಿಡಿದು ಗೇಟಿನ ಹತ್ತಿರ ಬಂದರು.

"ಹೋಗ್ತೀನಿ ಕಣೇ."

"ಹೋಗ್ಬರ್ತೀನಿ ಅನ್ನಿ."

"ಸರಿ ತಾಯಿ, ಹೋಗ್ಬರ್ತೀನಿ."

ಮದುವೆಯಾದಾಗಿನಿಂದ ನಡೆದಿರುವ ತಿದ್ದುಪಡಿ ಇದು. ನನ್ನ ಇಂಗ್ಲಿಷನ್ನು ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದರು, ಕನ್ನಡವನ್ನು ಅಜ್ಜಿ ತಿದ್ದಿದರು. 'ಹೋದರು' ಎಂಬುದನ್ನು ತೀರಿಕೊಂಡವರಿಗೆ ಮಾತ್ರ ಇಡಬೇಕು ಎಂಬುದು ಅಜ್ಜಿಯ ಕಟ್ಟುನಿಟ್ಟು.

ಅಂಗಡಿಯ ಮಾಲೀಕರು ಹೊಸಕೆರೆಹಳ್ಳಿಯ ನಂಜೇಗೌಡರು. ತಂದೆ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳಿವೆ. ಕುಂಡ, ಗೊಬ್ಬರ, ಬೀಜಗಳನ್ನು ಅವರು ವೆಬ್‌ಸೈಟಿನಲ್ಲೂ ಮಾರುತ್ತಿದ್ದರು. ಸೈಟಿಗೆ ಎಷ್ಟು ಜನ ಬಂದರು, ಯಾವ ಪುಟ ನೋಡಿದರು ಎಂಬ ಎಣಿಕೆಗೆ ವೆಬ್ ಅನಾಲಿಟಿಕ್ಸ್ ಎನ್ನುತ್ತಾರೆ. ಅದನ್ನು ಕನ್ನಡದಲ್ಲೇ ಕೇಳಿ ತಿಳಿಯಲು ಗೌಡರು ಒಂದು ಎಐ ಏಜೆಂಟ್ ಹಾಕಿಸಿದ್ದರು. ಏಜೆಂಟ್ ತಾನಾಗಿ ಏನನ್ನೂ ಎಣಿಸುವುದಿಲ್ಲ. ಅದರ ಕೈಯಲ್ಲಿ ಒಂಬತ್ತು ಟೂಲ್‌ಗಳಿದ್ದವು, ಒಂದೊಂದೂ ಒಂದೊಂದು ಬಗೆಯ ಎಣಿಕೆ ತರುತ್ತಿತ್ತು. ಯಾವ ಪ್ರಶ್ನೆಗೆ ಯಾವ ಟೂಲ್ ಎಂದು ಅದಕ್ಕೆ ತಿಳಿಯುವುದು ಪ್ರತಿ ಟೂಲ್‌ಗೂ ಬರೆದಿಟ್ಟ ಪುಟ್ಟ ವಿವರಣೆಯಿಂದ. ಆ ಒಂಬತ್ತನ್ನೂ ಕನ್ನಡದಲ್ಲಿ ಬರೆದವಳು ನಾನು.

ಹನ್ನೊಂದಕ್ಕೆ ಗೌಡರ ಫೋನ್ ಬಂತು.

"ಮೇಡಂ, ಯಾವ ಪುಟ ನೋಡಿದೋರು ಮತ್ತೆ ಬರ್ತಾರೆ ಅಂತ ಏಜೆಂಟ್‌ನ ಕೇಳ್ದೆ. ಗಿಡದ ಡಾಕ್ಟರ್ ಪುಟ ಲಾಸ್ಟ್. ಸಾಯಂಕಾಲ ತೆಗೆಸ್ತೀನಿ. ಶಾಹೀನ್‌ಗೂ ಹೇಳ್ಬಿಟ್ಟೆ, ಮುಂದಿನ ತಿಂಗಳಿಂದ ಬೇಡಮ್ಮ ಅಂತ."

ಆ ಪುಟ ನಡೆಸುತ್ತಿದ್ದವಳು ತಿಲಕ್ ನಗರದ ಶಾಹೀನ್, ಸಸ್ಯಶಾಸ್ತ್ರ ಓದಿದ, ಎರಡು ಮಕ್ಕಳ ತಾಯಿ. ರೋಗ ತಗುಲಿದ ಎಲೆಯ ಫೋಟೋ ಕಳಿಸಿದರೆ ಮದ್ದು ಬರೆಯುತ್ತಿದ್ದಳು. ಅವಳಿಗಿದ್ದದ್ದು ಇದೊಂದೇ ಕೆಲಸ.

"ಇನ್ನೊಂದ್ಸಲ ನೋಡೋಣ ಗೌಡ್ರೇ," ಎಂದೆ.

"ನಿಮಗೆ ಅವಳ ಮೇಲೆ ಪ್ರೀತಿ. ಮೆಷಿನ್‌ಗೆ ಯಾರ ಮೇಲೂ ಇಲ್ಲ ನೋಡಿ."

ಶಾಹೀನ್‌ಗೆ ಫೋನ್ ಮಾಡಿದೆ. "ಜನ ಬರ್ತಾನೇ ಇದಾರಲ್ಲ ಅಕ್ಕಾ. ಮೊನ್ನೆ ದಾಸವಾಳದ ಎಲೆ ಕಳಿಸಿದೋರು ನಿನ್ನೆ ಮೊಗ್ಗು ಕಳಿಸಿದ್ರು. ಎರಡು ಫೋಟೋದಲ್ಲೂ ಅದೇ ಬಿರುಕುಬಿಟ್ಟ ಕುಂಡ. ಕುಂಡ ಒಂದೇ ನಡ್ಕೊಂಡು ಬಂತಾ?"

ಲ್ಯಾಪ್‌ಟಾಪ್ ತೆರೆದೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಅಂಗಡಿಯ ವಿಳಾಸದ ಪುಟ! ಅದರಲ್ಲಿರುವುದು ಒಂದು ಮ್ಯಾಪು, ಬಾಗಿಲು ತೆರೆಯುವ ಸಮಯ, ಅಷ್ಟೆ. ಅದನ್ನು ನೋಡಲು ಯಾರು ಮತ್ತೆ ಮತ್ತೆ ಬರುತ್ತಾರೆ? ದಿನವೂ ದಾರಿ ಮರೆಯುವವರೇ? ಕೆಟ್ಟಿರುವುದು ಸೈಟೋ, ಏಜೆಂಟೋ, ನನ್ನ ತಲೆಯೋ? ಆ ಗೊಂದಲದಲ್ಲಿ ಸಾರಿನ ಹುಣಸೆರಸವನ್ನು ಪಲ್ಯಕ್ಕೆ ಸುರಿದೆ.

ಮಧ್ಯಾಹ್ನ ಲಾಗ್ ನೋಡುವುದು ಹೊಳೆಯಿತು. ಏಜೆಂಟ್ ಯಾವ ಟೂಲ್ ಬಳಸಿತು ಎಂಬ ದಾಖಲೆ ಅದು. ಬಳಸಿದ್ದು ಎಕ್ಸಿಟ್ ಟೂಲ್. ಒಂದು ಪುಟ ನೋಡಿ ಅಲ್ಲಿಂದಲೇ ಸೈಟ್ ಬಿಟ್ಟು ಹೊರಟವರನ್ನು ಅದು ಎಣಿಸುತ್ತದೆ. ಪಕ್ಕದಲ್ಲಿ ನನ್ನದೇ ಸಾಲು: 'ಈ ಪುಟದಿಂದ ಹೋಗಿಬರುವವರ ಪಟ್ಟಿ.'

'ಹೋದವರು' ಎಂದು ಬರೆಯಲು ನನಗೆ ಕೈ ಬಂದಿರಲಿಲ್ಲ. ಮತ್ತೆ ಬರುವವರನ್ನು ನಿಜವಾಗಿ ಎಣಿಸುವ ಟೂಲ್‌ಗೆ, ಜಂಭಕ್ಕೆ, 'ಪುನರಾಗಮನ ಸಂದರ್ಶಕರ ವಿವರ' ಎಂದು ಬರೆದಿದ್ದೆ. ಏಜೆಂಟ್ ಎರಡನ್ನೂ ಓದಿ ತಿಳಿಗನ್ನಡವನ್ನು ನಂಬಿತ್ತು. ವಿಳಾಸ ನೋಡಿದವರು ಸೈಟ್ ಮುಚ್ಚಿ ಅಂಗಡಿಗೆ ಹೊರಡುತ್ತಿದ್ದರು. ಶಾಹೀನ್ ಪುಟ ಓದಿದವರು ಹೊರಡದೆ ಬೇವಿನೆಣ್ಣೆಯ ಪುಟಕ್ಕೆ ದಾಟುತ್ತಿದ್ದರು. ಅವಳ ಒಳ್ಳೆಯ ಕೆಲಸವೇ ಅವಳನ್ನು ಪಟ್ಟಿಯ ಕೊನೆಗೆ ತಳ್ಳಿತ್ತು.

ಹೊಸದಾಗಿ ಬರೆದೆ: 'ಈ ಪುಟ ನೋಡಿ ಸೈಟ್ ಬಿಟ್ಟವರ ಎಣಿಕೆ. ಅವರು ಮತ್ತೆ ಬಂದರೋ ಇಲ್ಲವೋ ಇದರಿಂದ ತಿಳಿಯುವುದಿಲ್ಲ.' ಇನ್ನೊಂದಕ್ಕೆ: 'ಒಮ್ಮೆ ಬಂದು, ಬೇರೆ ದಿನ ಮತ್ತೆ ಬಂದವರ ಎಣಿಕೆ.' ಆಮೇಲೆ ಗೌಡರಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಬೇಡಿಕೊಂಡೆ.

ಹತ್ತು ನಿಮಿಷಕ್ಕೆ ಅವರೇ ಫೋನ್ ಮಾಡಿದರು. "ಡಾಕ್ಟರ್ ಪುಟ ಸೆಕೆಂಡ್ ಬಂತು. ಇರಲಿ ಬಿಡಿ, ಶಾಹೀನ್‌ಗೆ ನಾನೇ ಹೇಳ್ತೀನಿ. ಅಲ್ಲ ಮೇಡಂ, ಹೋದೋರನ್ನ ಹೋದೋರು ಅನ್ನೋಕೆ ನಿಮಗೇನು ಕಷ್ಟ?"

"ನಮ್ಮಜ್ಜಿ ಬೈತಾರೆ ಗೌಡ್ರೇ."

"ಇನ್ನೂ ಇದಾರಾ?"

"ಇಲ್ಲ, ಹೋದ್ರು."

ಟೂಲ್ ಏನು ಹೇಳುತ್ತದೆ ಎಂಬುದರ ಜೊತೆಗೆ ಏನು ಹೇಳುವುದಿಲ್ಲ ಎಂಬುದನ್ನೂ ಬರೆಯಬೇಕೆಂದು ಈ ಕೆಲಸ ನನಗೆ ಕಲಿಸಿತು. ನಯವಾದ ಮಾತನ್ನು ಮನೆಮಂದಿ ಸರಿಪಡಿಸಿಕೊಂಡು ಕೇಳುತ್ತಾರೆ, ಏಜೆಂಟ್ ಇದ್ದ ಹಾಗೆ ಕೇಳುತ್ತದೆ. ನಾವಾದರೂ ಹೇಗೆ ಅರ್ಥ ಮಾಡಿಕೊಳ್ಳುತ್ತೇವೋ, ಅದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.

ಅಂದು ಸಂಜೆ ಪಕ್ಕದ ಮನೆಯ ಸರೋಜಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲು ದಾಟುತ್ತ ಹೇಳಿದರು:

"ಬರ್ತೀನಿ ರೀ. ಚಿಲಕ ಹಾಕ್ಕೊಳ್ಳಿ, ಇವತ್ತಿನ್ನು ಬರಲ್ಲ."