ಪರದೆಯೊಳಗಿನ ಕೇಬಲ್

ಕೇಬಲ್ ಮಾವ ಅರ್ಧ ಆಯಸ್ಸನ್ನು ಕಚೇರಿಗಳ ಗೋಡೆ ಕೊರೆದು ಕಂಪ್ಯೂಟರ್ ಕೇಬಲ್ ಎಳೆಯುತ್ತಲೇ ಕಳೆದವನು. ಈಗ ಮಂಡಿ ಕೈಕೊಟ್ಟಿತ್ತು. ಕೂತು ಮಾಡುವ ಕೆಲಸ ಸಿಗಬೇಕಾದರೆ ಇವತ್ತಿನ ನೆಟ್‌ವರ್ಕ್ ಪರೀಕ್ಷೆ ಪಾಸಾಗಲೇಬೇಕು.

ಪರೀಕ್ಷೆ ನಡೆಸುವ ಮೇಡಂ ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಸಾಫ್ಟ್‌ವೇರಿನಿಂದಲೇ ಮೂರು ಕಂಪ್ಯೂಟರ್ ಹುಟ್ಟಿಸಿಟ್ಟು, "ಇವನ್ನ ಒಂದಕ್ಕೊಂದು ಮಾತಾಡ್ಸಿ" ಎಂದರು. ಎರಡು ಮಾತಾಡಿದವು, ಮೂರನೆಯದು ತುಟಿಪಿಟಕ್ಕೆನ್ನಲಿಲ್ಲ. ಮಾವ ಅಭ್ಯಾಸಬಲದಿಂದ ಸೀದಾ ಮೇಜಿನಡಿ ತೂರಿದ.

"ಅಲ್ಲೇನ್ರೀ ಹುಡುಕ್ತಿದೀರಿ?"

"ಕೇಬಲ್ ಕಿತ್ಕೊಂಡಿರ್ಬೇಕು ಮೇಡಂ."

"ಕಿತ್ಕೊಂಡಿರೋದೇನೋ ನಿಜ. ಆದ್ರೆ ಪರದೆಯೊಳಗೆ! ಎದ್ದು ಬನ್ನಿ ಮಾರಾಯ್ರೇ."

ಎದ್ದು ಹುಡುಕಿದರೆ, ಮೂರನೆಯದರ ಸೆಟ್ಟಿಂಗಿನಲ್ಲಿ 'ಕೇಬಲ್ ಜೋಡಿಸಿದೆ' ಎಂಬ ಚೌಕ ಖಾಲಿಯಿತ್ತು. ಮೌಸಿನಿಂದ ಗುರುತು ಹಾಕಿದ್ದೇ ತಡ, ಅದೂ ಉತ್ತರ ಕೊಟ್ಟಿತು.

ಮೇಡಂ "ಪಾಸು!" ಎಂದದ್ದು ಮಾವನ ಕಿವಿಗೇ ಬೀಳಲಿಲ್ಲ. ಮುಟ್ಟಲು ಸಿಗದ ಯಂತ್ರಗಳು ಕಾಣದ ತಂತಿಯಲ್ಲಿ ಮಾತಾಡುವುದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಲೇ ಇದ್ದ.